ಕೊಂಬಿಗೆ ಬೇಕಾದ ಉಸಿರು

ಗುಡ್ಡದ ಗುಡಿಯವರೆಗಿನ ಓಟದಲ್ಲಿ ಸೋತು ಬಂದ ಮರುಳಪ್ಪ ಗುರುವಿನ ಮುಂದೆ ಕೂತು ಕೇಳಿದ: "ಗುರುಗಳೇ, ದಾರಿ ಇದ್ದದ್ದು ಇಷ್ಟೇ ಇಷ್ಟು. ನಾನು ಎಲ್ಲಿಯೂ ನಿಲ್ಲದೆ ಓಡಿದೆ. ದಾರಿಯುದ್ದಕ್ಕೂ ಜನ ನನ್ನ ಹೆಸರು ಹಿಡಿದು ಕೂಗಿದರು. ಆ ಗಾಣಿಗರ ಮುದುಕ ಒಂದಷ್ಟು ಓಡುವುದು, ಒಂದಷ್ಟು ನಡೆಯುವುದು, ಹೀಗೇ ಮಾಡುತ್ತ ಬಂದ. ಜನ ನಕ್ಕರು. ಕೊನೆಗೆ ಅವನೇ ನನ್ನನ್ನು ದಾಟಿ ಹೋದ. ದೂರದ ಪಯಣದಲ್ಲಿ ನಡುನಡುವೆ ನಡೆಯಬೇಕು, ಒಪ್ಪುತ್ತೇನೆ. ಇಷ್ಟು ಚಿಕ್ಕ ಓಟದಲ್ಲಿ ಯಾಕೆ ನಡೆಯಬೇಕು?"

ಗುರು ಅವನ ಎದೆ ಇನ್ನೂ ಏರಿಳಿಯುತ್ತಿದ್ದುದನ್ನು ನೋಡಿದರು. ಕುಡಿಯಲು ನೀರು ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿನ ಮೇಲ್ಗಡೆ ದೊಡ್ಡದೊಂದು ಕೆರೆ. ಕೆರೆ ಕಾಯಲು ಒಬ್ಬ ನೀರಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಏರಿಯ ಮೇಲಿನ ಗಿಡ ಕೀಳುವುದು, ಹೆಗ್ಗಣದ ಬಿಲ ಮುಚ್ಚುವುದು ಅವನ ಕೆಲಸ. ಇದೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಏರಿ ಒಡೆಯುವ ಸುಳಿವು ಕಂಡರೆ ಊರೊಳಗಿನ ಕಟ್ಟೆಗೆ ಓಡಿ ಬಂದು, ಅಲ್ಲಿ ತೂಗುಹಾಕಿದ ಕೊಂಬು ಊದಬೇಕು. ಅದು ದೇವರ ಕೊಂಬು, ಕಟ್ಟೆ ಬಿಟ್ಟು ಕದಲಿಸುವ ಹಾಗಿರಲಿಲ್ಲ. ಏರಿಯಿಂದ ಕಟ್ಟೆಗೆ ಎರಡು ಕೂಗಳತೆ. ಕೂಗಿದರೆ ಕೇಳದು, ನಡೆದರೆ ಹೊತ್ತಾಗುತ್ತದೆ, ಅಂಥ ದಾರಿ.

ಕೊಂಬಿನ ಮಾತು ಊರಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ತುಂಡು ತುಂಡಾಗಿ ಊದಿದರೆ ಪಂಚಾಯಿತಿ ಸೇರಿದೆ, ಕಟ್ಟೆಗೆ ಬನ್ನಿ ಎಂದು ಅರ್ಥ. ಒಂದೇ ಉಸಿರಿಗೆ, ಎಲ್ಲೂ ಕಡಿಯದಂತೆ ಊದಿದರೆ ಕೆರೆ ಬಂತು, ದಿಬ್ಬ ಹತ್ತಿ ಎಂದು ಅರ್ಥ.

ಕೆರೆ ಕೋಡಿ ಬಿದ್ದ ವರ್ಷ ಊರವರು ಬಾಗಿನ ಬಿಟ್ಟು, ನೀರಗಂಟಿಯನ್ನು ಏರಿಯಿಂದ ಕಟ್ಟೆಗೆ ಓಡಿಸಿ ನೋಡುತ್ತಿದ್ದರು. ಊರಿನ ಪಡ್ಡೆ ಹುಡುಗರೂ ಜೊತೆಗೆ ಓಡುತ್ತಿದ್ದರು. ಮೊದಲು ಕಟ್ಟೆ ಮುಟ್ಟಿದವನಿಗೆ ಹೂವಿನ ಹಾರ. ಕೊಂಬನ್ನು ಮಾತ್ರ ಅಂದು ಯಾರೂ ಊದುತ್ತಿರಲಿಲ್ಲ. ಸುಮ್ಮಸುಮ್ಮನೆ ಊದಿ ಜನರನ್ನು ಬೆದರಿಸಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಹೀಗಾಗಿ ಊರು ತಲೆಮಾರುಗಟ್ಟಲೆ ಕಾಲುಗಳನ್ನೇ ಪರೀಕ್ಷೆ ಮಾಡಿಕೊಂಡು ಬಂತು.

ಆ ನೀರಗಂಟಿ ಓಟಕ್ಕೆ ಹೆಸರಾದವನು. ಪ್ರತಿ ಸಲವೂ ಹಾರ ಅವನಿಗೇ. ಒಂದು ಮಳೆಗಾಲ ಏರಿ ನಿಜವಾಗಿಯೂ ಬಿರಿಯಿತು. ಅವನು ಜೀವದ ಹಂಗು ತೊರೆದು ಓಡಿದ. ಕೊಂಬು ಬಾಯಿಗಿಟ್ಟ. ಉಸಿರು ಹಿಡಿತಕ್ಕೆ ಸಿಗಲಿಲ್ಲ. ಕೊಂಬು ತುಂಡು ತುಂಡಾಗಿ ಕೂಗಿತು. ಜನ ಹೆಗಲಿಗೆ ವಲ್ಲಿ ಹಾಕಿಕೊಂಡು, ಈ ಮಳೆಯಲ್ಲಿ ಎಂಥ ಪಂಚಾಯಿತಿ ಎಂದು ಗೊಣಗುತ್ತ ಕಟ್ಟೆಗೇ ಬಂದರು. ಹಿಂದೆಯೇ ನೀರು ಬಂತು. ನೀರಗಂಟಿ ಹೋದ. ಅವನ ಕರೆಗೆ ಓಗೊಟ್ಟು ಬಂದ ಎಷ್ಟೋ ಜನ ಹೋದರು.

ಅವನು ಇನ್ನೂ ಜೋರಾಗಿ ಓಡಬೇಕಿತ್ತು ಎಂದು ಉಳಿದವರು ಆಡಿಕೊಂಡರು.

ಅವನ ಮಗಳು ದ್ಯಾವವ್ವ ಹಾಗೆನ್ನಲಿಲ್ಲ. ದಿಬ್ಬದ ಮೇಲಿನ ಮನೆಯಿಂದ ಅವಳು ಆ ಕೊಂಬಿನ ದನಿ ಕೇಳಿದ್ದಳು. ಸೋತದ್ದು ಅಪ್ಪನ ಕಾಲಲ್ಲ ಎಂದು ಅವಳಿಗೆ ಗೊತ್ತಿತ್ತು. ಏರಿಯನ್ನು ಮತ್ತೆ ಕಟ್ಟಿದರು. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಕೆರೆಯ ಕೆಲಸ ಅವಳ ಪಾಲಿಗೆ ಬಂತು. ಅತ್ತು ಮುಗಿಸಿದ ಮೇಲೆ ಅವಳು ಒಂದೇ ಹಟ ಹಿಡಿದಳು. ಮುಂದೆ ಕೊಂಬು ಕೂಗಿದರೆ ಕಡಿಯದೆ ಕೂಗಬೇಕು.

ದಿನಾ ಬೆಳಿಗ್ಗೆ ಅವಳು ಏರಿಯಿಂದ ಕಟ್ಟೆಗೆ ಓಡಿದಳು. ಕಟ್ಟೆ ಮುಟ್ಟಿದ ಕೂಡಲೇ ಕೊಂಬಿನ ಬದಲು ಖಾಲಿ ಬಿಂದಿಗೆಯ ಬಾಯಿಗೆ ಒಂದೇ ಉಸಿರಿಗೆ ಹೂಂ ಎಂದು ನೋಡಿದಳು. ದನಿ ಕಡಿಯಿತು. ದಣಿದ ಮೇಲೆ ನಡೆದು ನೋಡಿದಳು. ಆಗಲೂ ಕಡಿಯಿತು. ಹೋದ ಉಸಿರು ಅಷ್ಟು ಬೇಗ ತಿರುಗಿ ಬರುವುದಿಲ್ಲ. ದಣಿಯುವ ಮೊದಲೇ ನಡೆದಳು, ಮತ್ತೆ ಓಡಿದಳು, ಮತ್ತೆ ನಡೆದಳು. ಈ ಸಲ ದನಿ ಕಡಿಯಲಿಲ್ಲ. ಆದರೆ ಕಾಲು ಇನ್ನೂ ಓಡುತ್ತೇನೆ ಎನ್ನುವಾಗ ಅದನ್ನು ತಡೆದು ನಡೆಸುವುದು ಓಡುವುದಕ್ಕಿಂತ ಕಷ್ಟವಾಗಿತ್ತು. ಅದನ್ನು ಅವಳು ಹೆಜ್ಜೆ ಎಣಿಸಿ, ಹಲ್ಲು ಕಚ್ಚಿ ಕಲಿತಳು.

ಕೋಡಿ ಬಿದ್ದ ದಿನ ಊರೆಲ್ಲ ನೋಡುತ್ತಿರುವಾಗ ಅವಳು ಹಾಗೆಯೇ ಓಡಿ, ನಡೆದು, ಓಡಿ ಬಂದಳು. ಎಲ್ಲರಿಗಿಂತ ಹಿಂದೆ ಬಿದ್ದಳು. ಗೌಡನ ಮಗನಿಗೆ ಹಾರ ಬಿತ್ತು. ಬರುವ ವರ್ಷದಿಂದ ಕೆರೆ ಕಾಯುವ ಕೆಲಸ ಅವನಿಗೇ ಎಂದು ಹಿರಿಯರು ತೀರ್ಮಾನ ಮಾಡಿದರು.

ತಾಯಿ ತಲೆ ಎತ್ತದೆ ಮನೆಗೆ ಬಂದಳು. "ನಿಮ್ಮಪ್ಪ ಒಂದು ಹೆಜ್ಜೆನೂ ನಡೀಲಿಲ್ಲ ಕಣೇ. ನೀನು ಅವನ ಮರ್ಯಾದೆ ಕಳೆದೆ," ಎಂದಳು.

"ಅಪ್ಪ ಓಡಿದ್ದು ಕಟ್ಟೆ ತನಕ ಕಣವ್ವ," ಎಂದಳು ದ್ಯಾವವ್ವ. "ಕೊಂಬು ಊದೋದು ಇನ್ನೂ ಆಚೆಗೈತೆ."

ಆ ಮಳೆಗಾಲ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಏರಿಯ ಬುಡದಲ್ಲಿ ನೀರು ಜಿನುಗಿತು. ತಿಳಿನೀರು ಜಿನುಗಿದರೆ ಭಯವಿಲ್ಲ. ಬಂದದ್ದು ಕೆಂಪು ನೀರು, ಏರಿಯ ಮಣ್ಣನ್ನೇ ಕರಗಿಸಿಕೊಂಡು ಬಂದ ನೀರು. ಕೆಲಸ ಕಲಿಯಲು ಬಂದಿದ್ದ ಗೌಡನ ಮಗನೂ ಅದನ್ನು ಕಂಡ. ಇಬ್ಬರೂ ಓಡಿದರು.

ಸ್ವಲ್ಪ ದೂರ ಹೋದ ಮೇಲೆ ದ್ಯಾವವ್ವ ನಡೆದಳು. ಅವನು ತಿರುಗಿಯೂ ನೋಡದೆ ಮುಂದೆ ಹೋದ. ಅವಳ ಬೆನ್ನಿಗೆ ಕೆರೆ ಇತ್ತು. ಕಾಲು ಓಡು ಎಂದಿತು. ದಾರಿಯ ಪಕ್ಕದ ಹೊಲದಿಂದ ತಾಯಿ "ಓಡೇ" ಎಂದು ಕಿರುಚಿದಳು. ದ್ಯಾವವ್ವನಿಗೆ ಅಳು ಬಂತು. ಆದರೂ ಎಣಿಸಿಟ್ಟ ಹೆಜ್ಜೆಗಳನ್ನು ಪೂರ್ತಿ ನಡೆದಳು. ಆಮೇಲೆ ಓಡಿದಳು. ಮುಂದೊಮ್ಮೆ ಮತ್ತೆ ನಡೆದಳು.

ಗೌಡನ ಮಗ ಮೊದಲು ಕಟ್ಟೆ ಮುಟ್ಟಿದ. ಕೊಂಬು ಊದಿದ. ಅದು ತುಂಡು ತುಂಡಾಗಿ ಕೂಗಿತು. ಜನ ವಲ್ಲಿ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದರು. ಕೆಲವರು ಆಗಲೇ ಕಟ್ಟೆಯ ಹತ್ತಿರ ಬಂದಿದ್ದರು. ದ್ಯಾವವ್ವ ಬಂದಳು. ಅವನ ಕೈಯಿಂದ ಕೊಂಬು ತೆಗೆದುಕೊಂಡಳು. ಎದೆ ತುಂಬ ಉಸಿರು ಎಳೆದು ಊದಿದಳು. ಊರ ಕೊನೆಯ ಮನೆಯವರೆಗೂ ಆ ದನಿ ಕಡಿಯಲಿಲ್ಲ. ಕಟ್ಟೆಗೆ ಬಂದವರು ಹಾಗೇ ತಿರುಗಿ, ಮಕ್ಕಳನ್ನೂ ಮುದುಕರನ್ನೂ ಎತ್ತಿಕೊಂಡು ದಿಬ್ಬಕ್ಕೆ ಓಡಿದರು. ಕೊನೆಗೆ ಅವಳೂ ಗೌಡನ ಮಗನ ಕೈ ಹಿಡಿದು ಎಳೆದುಕೊಂಡು ದಿಬ್ಬ ಹತ್ತಿದಳು. ಆಮೇಲೆ ನೀರು ಬಂತು. ಮನೆಗಳು ಹೋದವು, ಜನ ಉಳಿದರು. ದಿಬ್ಬದ ಮೇಲೆ ತಾಯಿ ಮಗಳನ್ನು ತಬ್ಬಿಕೊಂಡು ಗಂಡನಿಗಾಗಿ ಮತ್ತೊಮ್ಮೆ ಅತ್ತಳು.

ಗುರು ಕತೆ ನಿಲ್ಲಿಸಿದರು.

ಮರುಳಪ್ಪನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ನಮ್ಮ ಓಟದ ಕೊನೆಗೆ ಊದುವ ಕೊಂಬು ಇರಲಿಲ್ಲ. ಊರು ಮುಳುಗುತ್ತಲೂ ಇರಲಿಲ್ಲ. ಆ ಮುದುಕ ಯಾರ ಮಾತು ಕೇಳಿ ನಡೆದ?"

"ಅವನು ನಡೆದದ್ದು ತನ್ನ ಉಸಿರಿನ ಮಾತು ಕೇಳಿ," ಎಂದರು ಗುರು, "ನೀನು ಓಡಿದ್ದು ಯಾರ ಮಾತು ಕೇಳಿ?"