ತುಂಬಿಯೇ ಉಳಿದ ಹಂಡೆ

ಒಳಗೆ ಹೋಗುವ ಉಸಿರಿಗೂ ಹೊರಗೆ ಬರುವ ಉಸಿರಿಗೂ ಕಾವಲಿರುವ ಶಿವನೇ, ನಿನಗೆ ಶರಣು. ಹೇಳುವ ನಾಲಿಗೆಯನ್ನೂ ಕೇಳುವ ಕಿವಿಯನ್ನೂ ನೀನೇ ತಿದ್ದಿ ನಡೆಸು.

"ಅಜ್ಜಾರ, ನಿಯಮ ಮಾಡಿದವ ನಾನು, ಮುರದಾಕಿ ಆಕಿ. ಹಂಗಾದ್ರ ಪಾಪ ಯಾರಿಗೆ?"

ಕೇಳಿದವನು ಅಡಿವೆಪ್ಪ. ಊರ ಹೊರಗೆ ಅಂಗಿ ಹೊಲಿಸುವ ಶೆಡ್ಡು ಇಟ್ಟವನು. ಮಠಕ್ಕೆ ನಡೆದುಕೊಳ್ಳುವವನು, ಸೋಮವಾರ ತಪ್ಪಿಸಿದವನಲ್ಲ. ಅಂದು ಸೋಮವಾರವಾಗಿರಲಿಲ್ಲ. ಗುರುಗಳಿಗೆ ಅಡ್ಡಬಿದ್ದು ಕೂತ, ಎದ್ದ, ಮತ್ತೆ ಕೂತ. ಜೇಬಿನಲ್ಲಿ ಫೋನು ಗುರ್ರೆನ್ನುತ್ತಿತ್ತು. ತೆಗೆದು ನೋಡುವನು, ಒಳಗಿಡುವನು.

ಅದು ಕೊರೊನಾ ಕಾಲ. ಗುರುಗಳು ಬಂದವರನ್ನು ಮಠದ ಅಂಗಳದಲ್ಲಿ, ಗಾಳಿ ಆಡುವ ಕಡೆ, ದೂರ ದೂರ ಕೂರಿಸಿ ಮಾತಾಡುತ್ತಿದ್ದರು.

"ಗಾಬರಿ ಯಾಕ? ಪೂರಾ ಹೇಳು," ಎಂದರು.

ಅಡಿವೆಪ್ಪ ತಡೆದುಕೊಂಡಿದ್ದನ್ನೆಲ್ಲ ಸುರಿದ.

"ನಾ ಏನು ಕಡಿಮಿ ಮಾಡೇನ್ರಿ? ಎಲ್ಲಾರಿಗೂ ಮಾಸ್ಕ್ ಕೊಟ್ಟೆ. ಮಷಿನ್ ದೂರ ಸರಿಸಿದೆ. ಜ್ವರ ಬಂದ್ರ ಹೇಳ್ರಿ, ಮುಚ್ಚಿಡಬ್ಯಾಡ್ರಿ ಅಂತ ಗ್ವಾಡಿ ಮ್ಯಾಲ ಬರೆಸಿದೆ. ಅಂಥವರು ಮಲಗಲಿ ಅಂತ ಹಿಂದಿನ ಖೋಲಿ ಖಾಲಿ ಮಾಡಿಸಿ ಮಂಚ ಹಾಕಿಸಿದೆ. ಮಂಚದ ಮ್ಯಾಲ ಹೊಸಾ ಚಾದರ ಇಟ್ಟೆ. ಇಷ್ಟು ತಿಂಗಳಾತು, ಆ ಚಾದರದ ಮಡಿಕಿ ಬಿಚ್ಚಿಲ್ರಿ ಅಜ್ಜಾರ! ನಮ್ಮ ಶೆಡ್ಡಿನ ಆರೋಗ್ಯ ಅಂದ್ರ ಇದು ನೋಡ್ರಿ ಅಂತ ಬಂದವರಿಗೆಲ್ಲಾ ತೋರಸತಿದ್ದೆ."

ಆಮೇಲೆ ಅವನ ಧ್ವನಿ ಏರಿತು. ಶಾವಂತ್ರವ್ವ ಎಂಬ ಹೊಲಿಗೆಯವಳು ಜ್ವರವನ್ನು ಮುಚ್ಚಿಟ್ಟು, ಗುಳಿಗೆ ನುಂಗಿ ಕೆಲಸಕ್ಕೆ ಬಂದಿದ್ದಳು. ಬೇನೆ ಪಕ್ಕದ ಮಷಿನ್ನಿನವಳಿಗೆ ಹತ್ತಿತು. ಪಕ್ಕದವಳು ಇನ್ನೂ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಮಲಗಿದ್ದಳು. ಶಾವಂತ್ರವ್ವ ಗುಣವಾಗಿ ನಾಳೆ ಕೆಲಸಕ್ಕೆ ಬರುತ್ತೇನೆಂದು ಹೇಳಿಕಳಿಸಿದ್ದಳು. ಗಂಡನಿಲ್ಲದ ಮನೆ, ಒಲೆ ಉರಿಯುವುದು ಆಕೆಯ ಹೊಲಿಗೆಯಿಂದ. ಒಳಗೆ ಬಿಡಬೇಕೋ ಬೇಡವೋ ಎಂದು ಸೂಪರ್‌ವೈಸರ್ ಕೇಳುತ್ತಲೇ ಇದ್ದ. ಜೇಬಿನಲ್ಲಿ ಗುರ್ರೆನ್ನುತ್ತಿದ್ದ ಕರೆ ಅವನದೇ.

"ಕೆಲಸಾ ಬಿಡಿಸಿಬಿಡಬೇಕಂತ ಮಾಡೇನಿ. ನೀವೊಂದು ಹೂಂ ಅಂದ್ರ ಸಾಕು, ನನಗ ನಿದ್ದಿ ಬರತೈತಿ."

"ಖೋಲಿಗೆ ಯಾಕ ಹೋಗಲಿಲ್ಲಂತ ಆಕಿ?"

"ಏನರೆ ನೆವಾ ಹೇಳತಾಳ್ರಿ. ಖೋಲಿಗೆ ಎದ್ದು ಹೋದಾಕಿ ಮಷಿನ್ ಖಾಲಿ ಬಿಡಾಕ ಬರತೈತೇನ್ರಿ? ಇನ್ನೊಬ್ಬಾಕಿನ್ನ ಕೂಡಸೂದು. ಗುಣ ಆಗಿ ಬಂದ್ರ ದಾರ ಕತ್ತರಿಸೂ ಕೆಲಸಕ್ಕ ಹಚ್ಚೂದು. ಪಗಾರ ಒಂದೀಟು ಕಡಿಮಿ, ಖರೇ. ಆದ್ರ ಶೆಡ್ ನಡೀಬೇಕಲ್ರಿ?"

ಗುರುಗಳು ಕಣ್ಣು ಮುಚ್ಚಿದರು. ಒಂದು ಕತೆ ಹೇಳತೊಡಗಿದರು.

ಒಬ್ಬ ಗೌಡನಿದ್ದ. ಪೂಜೆಯಾಗದೆ ಬಾಯಿಗೆ ನೀರು ಹಾಕದವನು. ಒಂದು ವರ್ಷ ಆ ಸೀಮೆಗೆ ವಾಂತಿಭೇದಿ ಬಂತು. ಹೊಲದಲ್ಲಿ ಕಳೆ ತೆಗೆಯುವ ಕಾಲ. ಹೊಲದ ಕೆಳಗೆ ಹಳ್ಳ. ಬೇನೆ ಹಳ್ಳದ ನೀರಿನಲ್ಲಿದೆ ಎಂದು ವೈದ್ಯ ಹೇಳಿದ.

ಗೌಡ ತಡಮಾಡಲಿಲ್ಲ. ದೊಡ್ಡ ಹಂಡೆಯಲ್ಲಿ ನೀರು ಕುದಿಸಿದ, ಆರಿಸಿದ, ಹಂಡೆಯ ಬಾಯಿಗೆ ಬಟ್ಟೆ ಕಟ್ಟಿಸಿದ. ಅದನ್ನು ಹೊಲದ ಮೇಲಿನ ಬದುವಿನ ನೆರಳಲ್ಲಿ ಇಡಿಸಿದ. ಕಳೆ ತೆಗೆಯಲು ಬಂದ ಹೆಂಗಸರಿಗೆ ಕೈ ಮುಗಿದು, ಹಳ್ಳದ ನೀರು ಮುಟ್ಟಬೇಡಿ, ಕುಡಿಯುವುದಾದರೆ ಇದನ್ನೇ ಕುಡಿಯಿರಿ ಎಂದ. ಹೆಂಗಸರು ಆಗಲಿ ಎಂದರು.

ಆ ಹೊಲದಲ್ಲಿ ಒಂದು ರೂಢಿಯಿತ್ತು. ಒಬ್ಬೊಬ್ಬಳಿಗೆ ಒಂದೊಂದು ಸಾಲು. ಹಿಡಿದ ಸಾಲನ್ನು ಬಿಡದೆ ಮುಗಿಸಿದವರಿಗೆ ಕಡೆಯ ದಿನ ಗೌಡನ ಹೆಂಡತಿ ಜೋಳದಿಂದ ಉಡಿ ತುಂಬುತ್ತಿದ್ದಳು. ನಡುವೆ ಎದ್ದುಹೋದವಳ ಸಾಲು ಇನ್ನೊಬ್ಬಳಿಗೆ. ಎದ್ದುಹೋದವಳಿಗೆ ಕೂಲಿಯುಂಟು, ಉಡಿಯಿಲ್ಲ. ತಿರುಗಿ ಬಂದಾಗ ಉಳಿದವರ ನಗೆ ಬೇರೆ: "ಬಂದಿ ಏನವ್ವಾ? ತವರಮನಿ ಕಡೆ ಎಲ್ಲಾರೂ ಆರಾಮ ಅದಾರ?"

ಹಂಡೆ ಮೇಲಿನ ಬದುವಿನಲ್ಲಿತ್ತು. ಸಾಲುಗಳು ಮುಗಿಯುವುದು ಹಳ್ಳದ ದಂಡೆಯಲ್ಲಿ.

ಸಂಜೆ ಗೌಡ ಹೊಲಕ್ಕೆ ಬಂದು ಹಂಡೆಯ ಬಟ್ಟೆ ಸರಿಸುವನು. ನೀರು ಬೆಳಗಿನಷ್ಟೇ ಇರುತ್ತಿತ್ತು. ಅವನ ಕಣ್ಣು ತುಂಬುತ್ತಿತ್ತು. ದೇವರೇ, ದುಡಿಯುವವರಿಗೆ ಕೊರತೆ ಮಾಡಲಿಲ್ಲ ನಾನು, ಎಂದು ಹಂಡೆಗೆ ವಿಭೂತಿ ಹಚ್ಚಿ ಮನೆಗೆ ಹೋಗುತ್ತಿದ್ದ.

ಹೀಗಿರುವಾಗ ಆ ಹೆಂಗಸರಲ್ಲೊಬ್ಬಳು ಬೇನೆ ಬಿದ್ದಳು. ಗೌಡನಿಗೆ ಸಿಟ್ಟು ಬಂತು. ಆಕೆಯ ಮನೆಯ ಬಾಗಿಲಿಗೆ ಹೋಗಿ ಹೊರಗೇ ನಿಂತ.

"ಹಂಡೆ ತುಂಬಾ ನೀರು ಕಾಸಿ ಇಟ್ಟಿದ್ನಲ್ಲವ್ವಾ! ಹಳ್ಳದ ನೀರು ಯಾಕ ಕುಡದಿ?"

ಒಳಗಿನಿಂದ ಸಣ್ಣ ಧ್ವನಿ ಬಂತು.

"ಹಂಡೆ ತನಕ ಹೋಗಿಬರೂದ್ರಾಗ ನನ್ನ ಸಾಲು ನೀವು ಇನ್ನೊಬ್ಬಾಕಿಗೆ ಕೊಡತಿದ್ರಲ್ರೀ, ಯಪ್ಪಾ."

ಗೌಡ ಅಲ್ಲಿ ನಿಲ್ಲಲಾರದೆ ತಿರುಗಿದ. ನೇರ ಹೊಲಕ್ಕೆ ಹೋಗಿ ಬಟ್ಟೆ ಸರಿಸಿದ. ನೀರು ತುಂಬಿ ನಿಂತಿತ್ತು. ತನ್ನ ಮುಖ ಅದರಲ್ಲಿ ಕಂಡಿತು. ಅವನು ಬಟ್ಟೆ ಮುಚ್ಚಿದ.

ದೇವರ ದಯೆ, ಆಕೆ ಉಳಿದಳು. ಆಕೆಯ ಪಕ್ಕದ ಸಾಲಿನವಳೂ ಅದೇ ಹಳ್ಳದ ನೀರು ಕುಡಿದಿದ್ದಳು. ಪಕ್ಕದವಳು ಉಳಿಯಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಲ್ಲೇ ಮೊಣಕಾಲ ಮೇಲೆ ಎದ್ದ.

"ಎಂಥಾ ಗೌಡ್ರೀ ಅಂವ! ದೇವರ ಮುಂದ ಕಣ್ಣೀರು ಬ್ಯಾರೆ! ಹಂಡೆ ತುಂಬಿದ್ದು ತುಂಬಿದಂಗ ಉಳದೈತಿ ಅಂದ್ರ ಯಾರೂ ಕುಡದಿಲ್ಲ ಅಂತ ಅರ್ಥ. ಅಷ್ಟೂ ತಿಳೀಬಾರದ? ಮೊದಲನೇ ದಿನಾನ ಕೇಳಬೇಕಾಗಿತ್ತು ಅಂವ, ಯಾಕ ಕುಡೀಲಿಲ್ಲ ಅಂತ. ಅದನ್ನ ಬಿಟ್ಟು ಆ ಬಡವಿ ಬಾಗಿಲಿಗೆ ಹೋಗಿ ಸಿಟ್ಟು ಮಾಡತಾನಲ್ರೀ!"

ಗುರುಗಳು ಅವನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ನಿನ್ನ ಖೋಲ್ಯಾಗಿನ ಚಾದರದ ಮಡಿಕಿ ಇನ್ನೂ ಬಿಚ್ಚಿಲ್ಲ ಅಂದೆಲ್ಲಾ, ತಮ್ಮಾ?"

ಅಡಿವೆಪ್ಪನ ಜೇಬಿನಲ್ಲಿ ಫೋನು ಗುರ್ರೆಂದಿತು. ಅವನ ಕೈ ಅತ್ತ ಹೋಗಲಿಲ್ಲ.

ಇದನ್ನು ಕೇಳಿದವರ ಮನೆಯಲ್ಲಿ ಎಲ್ಲರ ಉಸಿರೂ ಹಗುರವಾಗಿರಲಿ. ದುಡಿಯುವ ಕೈಗೆ ನೆರಳಾಗಿ, ದುಡಿಸುವವರ ಕಣ್ಣಿಗೆ ಬೆಳಕಾಗಿ ಶಿವನು ಎಲ್ಲರೊಡನೆ ಇರಲಿ.