ಅರಮನೆಯಿಂದ ಹನಿಯೂ ಹೊರಹೋಗದಂತೆ

“ಹಳೇ ಅರಮನೆಯ ಮಳೆನೀರೆಲ್ಲ ಊರ ಕಲ್ಯಾಣಿಗೆ ಹೋಗಿ ಕಂಡಕಂಡವರ ಪಾಲಾಯಿತು. ಹೊಸ ಅರಮನೆಯ ಮೇಲೆ ಬಿದ್ದ ಮಳೆ ನನ್ನದು. ಒಂದು ಹನಿ ಹೊರಗೆ ಹೋದರೂ ಕಟ್ಟಿಸಿದವನ ತಲೆ ಉಳಿಯದು!” ಎಂದು ಗುಡುಗಿದ ಕಲ್ಕೋಟೆಯ ದೊರೆ ಚಂಡವಿಕ್ರಮ.

ಶಿಲ್ಪಿಗಳೆಲ್ಲ ಊರು ಬಿಟ್ಟರು. ಆಸ್ಥಾನದ ವಿದೂಷಕ ತಿಪ್ಪರಸ ಮಾತ್ರ ಕೈಮುಗಿದ. “ನಾನು ಕಟ್ಟಿಸುತ್ತೇನೆ, ಮಹಾಪ್ರಭು.”

ಊರಿನವರು ಅವನಿಗೆ ಹಿಡಿಶಾಪ ಹಾಕಿದರು. ಕಲ್ಯಾಣಿ ಬತ್ತಿದರೆ ಅವರಿಗೆ ಕುಡಿಯಲು ಬೇರೆ ನೀರಿರಲಿಲ್ಲ.

ತಿಪ್ಪರಸ ಛಾವಣಿಗಳನ್ನೆಲ್ಲ ಒಳಮುಖವಾಗಿ ಇಳಿಸಿದ. ಹೊಸ್ತಿಲುಗಳನ್ನು ಎರಡಾಳೆತ್ತರ ಕಟ್ಟಿಸಿದ. ಏಣಿ ಹತ್ತಿ ಒಳಹೋದ ದೊರೆ, “ಭೇಷ್!” ಎಂದ.

ಮಳೆ ಬಂತು. ನಿಲ್ಲಲೇ ಇಲ್ಲ.

ದೊರೆ ಸಿಂಹಾಸನದ ಬೆನ್ನಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಮಂತ್ರಿಗಳು ಕಂಬ ತಬ್ಬಿಕೊಂಡರು. ರಾಣಿಯವರು ತಾಮ್ರದ ಹಂಡೆಯಲ್ಲಿ ಕೂತು, ಸೌಟಿನಿಂದ ಹುಟ್ಟು ಹಾಕುತ್ತ ಅಡುಗೆಮನೆಯಿಂದ ತೇಲಿ ಬಂದರು.

“ಒಲೆ ಮುಳುಗಿದೆ. ಈವತ್ತು ಊಟವಿಲ್ಲ,” ಎಂದು ಹೇಳಿ, ಹಾಗೇ ತೇಲಿಹೋದರು.

“ತಿಪ್ಪರಸಾ! ನೀರು ಹೊರಗೆ ಬಿಡೋ!”

ಗೋಡೆಯ ಮೇಲೆ ಕೊಡೆ ಹಿಡಿದು ಕೂತಿದ್ದ ತಿಪ್ಪರಸ, “ಬಿಟ್ಟರೆ ನನ್ನ ತಲೆ ಹೋಗುತ್ತದಲ್ಲ, ಪ್ರಭು?” ಎಂದ.

“ಹಾಗಂತ ನಾನು ಮುಳುಗಲೇ? ಆಡಿದ ಆಜ್ಞೆಯನ್ನು ಹಿಂದಕ್ಕೆ ತಗೊಂಡರೆ ಮರ್ಯಾದೆ ಏನಾದೀತು?”

“ಆಜ್ಞೆ ಹಾಗೇ ಇರಲಿ. ಅರಮನೆಯನ್ನೇ ಸ್ವಲ್ಪ ದೊಡ್ಡದು ಮಾಡಿಬಿಡಿ. ಊರ ಕಲ್ಯಾಣಿಯೂ ಅರಮನೆಯ ಒಂದು ಕೋಣೆ ಅಂತ ಸಾರಿಬಿಟ್ಟರೆ, ನೀರು ಅಲ್ಲಿಗೆ ಹೋದರೂ ಹೊರಗೆ ಹೋದಂತಾಗದು.”

“ಆಯಿತು! ಅದು ನನ್ನ ಸ್ನಾನದ ಮನೆ! ಬೇಗ ಬಿಡು!” ಎಂದ ದೊರೆ. ಆಗಲೇ ನೀರು ಅವನ ಮೊಣಕಾಲಿಗೆ ಬಂದಿತ್ತು.

ತಿಪ್ಪರಸ ಗೋಡೆಯ ಬುಡದಲ್ಲಿ ಮೊದಲೇ ಮಾಡಿಸಿಟ್ಟಿದ್ದ ತೂಬು ತೆಗೆಸಿದ. ನೀರು ಕಾಲುವೆಯಲ್ಲಿ ಭೋರೆಂದು ಹರಿದು ಕಲ್ಯಾಣಿ ತುಂಬಿತು. ಊರಿಗೆ ಊರೇ ಕೊಡ ಹಿಡಿದು ಓಡಿಬಂತು.

ಬಟ್ಟೆ ಹಿಂಡಿಕೊಳ್ಳುತ್ತ ಕಲ್ಯಾಣಿಯ ಬಳಿ ಬಂದ ದೊರೆ ಕೆಂಡವಾದ. “ಇವರೆಲ್ಲ ಯಾರು?”

“ಅರಮನೆಯೊಳಗೆ ಬಂದವರು ಅತಿಥಿಗಳು, ಪ್ರಭು. ಮನೆಗೆ ಬಂದವರಿಗೆ ನೀರೂ ಕೊಡಲಿಲ್ಲ ಅನ್ನಿಸಿಕೊಳ್ಳಬಾರದಲ್ಲ?”

ದೊರೆ ಮುಖ ತಿರುಗಿಸಿ ನೀರಿನತ್ತ ನೋಡಿದ. ಅಷ್ಟರಲ್ಲಿ ನೀರಿನ ನಡುವೆ ಕೊಂಬುಗಳು ಕಂಡವು. “ಅಯ್ಯೋ, ನನ್ನ ಸ್ನಾನದ ಮನೆಯಲ್ಲಿ ಎಮ್ಮೆ!”

“ಸುಮ್ಮನಿರಿ ಪ್ರಭು,” ತಿಪ್ಪರಸ ಪಿಸುಗುಟ್ಟಿದ, “ಸದ್ಯಕ್ಕೆ ಸ್ನಾನದ ಮನೆಯಷ್ಟೇ ಕೇಳಿವೆ. ಸಿಂಹಾಸನ ಖಾಲಿ ಇರೋದು ಅವಕ್ಕಿನ್ನೂ ಗೊತ್ತಿಲ್ಲ.”