ಕೊನೆಯ ಎರಡು ಅಧ್ಯಾಯ

“ಕೊಟ್ಟ ಪುಸ್ತಕವನ್ನು ಓದಿ ಮುಗಿಸಲಿಲ್ಲ ಎಂದು ತಾನೇ ಬರೆದುಕೊಟ್ಟ ಮಗುವಿಗೆ ಏನು ಶಿಕ್ಷೆ ಕೊಡಬೇಕು, ಟೀಚರ್?”

ಕೇಳಿದವನು ರೂಫಸ್. ಚರ್ಚಿನ ಶಾಲೆಯಲ್ಲಿ ಏಳನೇ ತರಗತಿಗೆ ಕನ್ನಡ ಕಲಿಸಲು ಸೇರಿ ಅವನಿಗೆ ಒಂದು ವರ್ಷವಾಗಿತ್ತು. ಬೇಸಿಗೆ ರಜೆಗೆ ಮುಂಚೆ ಅವನು ತರಗತಿಯ ಮೂವತ್ತೆರಡು ಮಕ್ಕಳಿಗೂ ಒಂದೊಂದು ಪುಸ್ತಕ ಕೊಟ್ಟು, ಓದಿ ಎರಡು ಪುಟದ ವರದಿ ಬರೆದು ತರಬೇಕೆಂದು ಹೇಳಿದ್ದ. ಶಾಲೆ ತೆರೆದಾಗ ಮೂವತ್ತೊಂದು ವರದಿಗಳು ಬಂದವು. ಒಬ್ಬಳು ಮಾತ್ರ ಒಂದೇ ಸಾಲು ಬರೆದಿದ್ದಳು. ನಾನು ಅರ್ಧ ಓದಿದ್ದೇನೆ ಎಂದು.

ದೋರ್ಕಮ್ಮ ಟೀಚರ್ ಅದೇ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ ನಿವೃತ್ತರಾದವರು. ರೂಫಸನೂ ಅವರ ಕೈಯಲ್ಲೇ ಓದಿದವನು. ಅವನನ್ನು ಕುಳಿತುಕೊಳ್ಳಲು ಹೇಳಿ ಅವರು ಈ ಕತೆ ಹೇಳಿದರು.

ಒಂದು ಕ್ರೈಸ್ತ ಶಾಲೆಯಲ್ಲಿ ಒಬ್ಬ ಟೀಚರ್ ಇದ್ದರು. ಕಟ್ಟುನಿಟ್ಟಿನವರು, ಆದರೆ ಕೆಟ್ಟವರಲ್ಲ. ಅವರ ತರಗತಿಯಲ್ಲಿ ಒಂದು ಬೀರು ತುಂಬ ಪುಸ್ತಕಗಳಿದ್ದವು. ಚರ್ಚಿನ ಸಭೆಯ ಹಿರಿಯರು ಬೇರೆ ಬೇರೆ ಕಾಲದಲ್ಲಿ ದಾನ ಕೊಟ್ಟವು. ಶುಕ್ರವಾರಗಳಲ್ಲಿ ಮಕ್ಕಳು ಅದರಿಂದ ತಮಗೆ ಬೇಕಾದ ಪುಸ್ತಕ ಆರಿಸಿಕೊಳ್ಳಬಹುದಿತ್ತು. ಪ್ರತಿ ವರ್ಷ ರಜೆಯ ಹಿಂದಿನ ದಿನ ಟೀಚರ್ ಆ ಬೀರು ತೆರೆದು ಮಕ್ಕಳಿಗೆ ಪುಸ್ತಕ ಹಂಚುತ್ತಿದ್ದರು. ರಜೆ ಮುಗಿದ ಮೇಲೆ ವರದಿಗಳನ್ನು ತರಿಸಿಕೊಂಡು, ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದೋ ‘ಇನ್ನೂ ಪ್ರಯತ್ನಿಸು’ ಎಂದೋ ಬರೆದು ಸಹಿ ಹಾಕುತ್ತಿದ್ದರು.

ಒಂದು ವರ್ಷ ಒಬ್ಬ ಹುಡುಗಿಗೆ ಅಕ್ಕತಂಗಿಯರ ಕತೆಯ ಪುಸ್ತಕ ಸಿಕ್ಕಿತು. ನೆರೆ ಬಂದು ಇಬ್ಬರೂ ಬೇರೆಬೇರೆಯಾಗುತ್ತಾರೆ. ತಂಗಿ ಅಕ್ಕನನ್ನು ಹುಡುಕುತ್ತಾ ಊರೂರು ಅಲೆಯುತ್ತಾಳೆ. ಹುಡುಗಿಗೆ ಓದುವುದೆಂದರೆ ಪ್ರಾಣ. ರಜೆಯ ಮೊದಲ ವಾರದಲ್ಲೇ ಮುಗಿಸಿಬಿಡುತ್ತಿದ್ದಳೋ ಏನೋ. ಆದರೆ ಆ ವಾರವೇ ಅವಳ ತಾಯಿಗೆ ಹೊಟ್ಟೆಯ ಆಪರೇಷನ್ ಆಯಿತು. ತಂದೆ ಬಸ್ಸಿನ ಡ್ರೈವರ್, ಹಗಲು ಬಿಡುವಿಲ್ಲ. ಹುಡುಗಿಯೇ ಆಸ್ಪತ್ರೆಯಲ್ಲಿ ತಾಯಿಯ ಹತ್ತಿರ ಕುಳಿತಳು. ಪುಸ್ತಕವನ್ನೂ ಜೊತೆಗೆ ಕೊಂಡುಹೋಗಿದ್ದಳು.

ಊಟವಾದ ಮೇಲೆ ತಾಯಿಗೆ ಬೇಸರ ಕಳೆಯಲೆಂದು ಹುಡುಗಿ ಗಟ್ಟಿಯಾಗಿ ಓದತೊಡಗಿದಳು. ತಾಯಿ ಎರಡು ಪುಟಕ್ಕೇ ನಿದ್ದೆ ಹೋದರು. ಹುಡುಗಿ ಓದುವುದನ್ನು ನಿಲ್ಲಿಸಿದಳು. ಆಗ ಪಕ್ಕದ ಮಂಚದಿಂದ ಒಂದು ದನಿ ಬಂತು.

“ನಿಲ್ಲಿಸಬೇಡ ಮಗಾ. ಆಮೇಲೆ ಆ ತಂಗಿ ಎಲ್ಲಿಗೆ ಹೋದಳು?”

ಬೀಡಿ ಕಟ್ಟಿ ಬದುಕುವ ಹೆಂಗಸು. ಓದಲು ಬಾರದು. ಅವರನ್ನು ನೋಡಲು ಬರುವವರೂ ಯಾರೂ ಇರಲಿಲ್ಲ. ಹುಡುಗಿ ತನ್ನ ಸ್ಟೂಲನ್ನು ಎರಡು ಮಂಚಗಳ ನಡುವೆ ಎಳೆದುಕೊಂಡಳು. ಅಂದಿನಿಂದ ದಿನಕ್ಕೊಂದು ಅಧ್ಯಾಯ. ಮನೆಗೆ ಹೋಗಿ ತಾನೊಬ್ಬಳೇ ಮುಂದೆ ಓದಿಕೊಳ್ಳಬಹುದಿತ್ತು. ಅವಳು ಓದಲಿಲ್ಲ. ಆ ಹೆಂಗಸಿಗಿಂತ ಮುಂದೆ ಹೋಗುವುದು ಸರಿಯಲ್ಲವೆಂದು ಅವಳಿಗೆ ತೋರಿತು.

ಹನ್ನೊಂದನೇ ದಿನ ತಾಯಿಯನ್ನು ಮನೆಗೆ ಕಳಿಸಿದರು. ಇನ್ನೂ ಎರಡು ಅಧ್ಯಾಯ ಉಳಿದಿದ್ದವು. ತಂದೆ ಬಾಗಿಲಲ್ಲಿ ಆಟೋ ನಿಲ್ಲಿಸಿಕೊಂಡು ಅವಸರ ಮಾಡುತ್ತಿದ್ದರು. ಹೆಂಗಸು ಗೋಡೆಯ ಕಡೆ ತಿರುಗಿ ಮಲಗಿದ್ದರು. ಹುಡುಗಿ ಚೀಲದಿಂದ ಪುಸ್ತಕ ತೆಗೆದು ಅವರ ತಲೆದಿಂಬಿನ ಪಕ್ಕದಲ್ಲಿಟ್ಟಳು. ಉಳಿದದ್ದನ್ನು ಓದಿ ಹೇಳುವಂತೆ ನರ್ಸಮ್ಮನನ್ನು ಕೇಳಿಕೊಂಡು ಆಟೋ ಹತ್ತಿದಳು.

ಶಾಲೆ ತೆರೆಯಿತು. ಹುಡುಗಿ ವರದಿಯ ಕೊನೆಯಲ್ಲಿ ಹೀಗೆ ಬರೆದಿದ್ದಳು: ಕೊನೆಯ ಎರಡು ಅಧ್ಯಾಯ ನಾನು ಓದಿಲ್ಲ, ಪುಸ್ತಕ ನನ್ನಲ್ಲಿ ಇಲ್ಲ.

ಟೀಚರ್ ಅವಳನ್ನು ಮೇಜಿನ ಬಳಿ ಕರೆದರು.

“ಪುಸ್ತಕ ಎಲ್ಲಿ?”

“ಆಸ್ಪತ್ರೆಯಲ್ಲಿ ಬಿಟ್ಟೆ, ಟೀಚರ್.”

“ಮರೆತು ಬಂದೆಯಾ?”

“ಇಲ್ಲ ಟೀಚರ್. ಬಿಟ್ಟು ಬಂದೆ. ಒಂಬತ್ತನೇ ಮಂಚದವರಿಗೆ.”

“ಅವರ ಹೆಸರೇನು?”

ಹುಡುಗಿಗೆ ಹೆಸರು ಗೊತ್ತಿರಲಿಲ್ಲ. ಅಷ್ಟು ದಿನ ಓದಿದಳು, ಹೆಸರು ಕೇಳುವುದು ಮಾತ್ರ ಹೊಳೆದಿರಲಿಲ್ಲ. ಹೆಸರಿಲ್ಲದ ಹೆಂಗಸನ್ನು ಟೀಚರ್ ನಂಬಲಿಲ್ಲ. ಪುಸ್ತಕ ಕಳೆದವರು ಏನೇನೋ ಕತೆ ಕಟ್ಟುವುದನ್ನು ಅವರು ಬಹಳ ನೋಡಿದ್ದರು. “ಆ ಪುಸ್ತಕದ ಸಾರವೆಲ್ಲ ಇರುವುದೇ ಕೊನೆಯ ಎರಡು ಅಧ್ಯಾಯದಲ್ಲಿ” ಎಂದು ಗದರಿದರು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಅವಳನ್ನು ನಿಲ್ಲಿಸಿ, ಈ ವರ್ಷ ಇವಳಿಗೆ ಬೀರುವಿನಿಂದ ಪುಸ್ತಕವಿಲ್ಲ ಎಂದು ಹೇಳಿದರು. ಕೀರ್ತನೆ ಹಾಡಿ ಮುಗಿಯುವವರೆಗೂ ಹುಡುಗಿ ಅಲ್ಲೇ ನಿಂತಿದ್ದಳು. ಅಳಲಿಲ್ಲ. ಹಾಡಿನಲ್ಲಿ ದನಿಯನ್ನೂ ಸೇರಿಸಿದಳು.

ಶುಕ್ರವಾರ ಶುಕ್ರವಾರ ಉಳಿದವರು ಪುಸ್ತಕ ಆರಿಸಿಕೊಳ್ಳುವಾಗ ಅವಳು ಕೈಕಟ್ಟಿ ಕುಳಿತಿರುತ್ತಿದ್ದಳು. ಟೀಚರ್ ಅತ್ತ ನೋಡದಿರುವುದನ್ನು ರೂಢಿ ಮಾಡಿಕೊಂಡರು.

ಆಗಸ್ಟ್ ತಿಂಗಳಲ್ಲಿ ಒಂದು ದಿನ, ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಒಬ್ಬ ಹೆಂಗಸು ಶಾಲೆಯ ಜಗಲಿಗೆ ಬಂದು ಕುಳಿತರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಇನ್ನೂ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಪುಸ್ತಕವಿತ್ತು. ಮೊದಲ ಪುಟದಲ್ಲಿ ಶಾಲೆಯ ಮೊಹರು ಇರುವುದನ್ನು ನರ್ಸಮ್ಮ ಓದಿ ಹೇಳಿದ್ದರಂತೆ. ಟೀಚರ್ ಪುಸ್ತಕಕ್ಕೆ ಕೈ ಚಾಚಿದರು. ಹೆಂಗಸು ಕೊಟ್ಟರು, ಆದರೆ ಏಳಲಿಲ್ಲ.

“ಪುಸ್ತಕ ಕೊಡಲಿಕ್ಕೆ ಮಾತ್ರ ಬಂದದ್ದಲ್ಲ, ಟೀಚರಮ್ಮ. ಆ ಮಗು ಕೊನೆ ಕೇಳದೆ ಹೋದಳು. ಅವಳಿಗೆ ಅದನ್ನು ಹೇಳಬೇಕು.”

ಹುಡುಗಿಯನ್ನು ಕರೆಸಿದರು. ಅವಳು ಓಡಿ ಬಂದು ಹೆಂಗಸಿನ ಪಕ್ಕದಲ್ಲಿ ಕುಳಿತಳು. ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು.

“ತಂಗಿ ಒಂದು ಮನೆಯ ಬಾಗಿಲಲ್ಲಿ ನಿಂತು ನೀರು ಕೇಳುತ್ತಾಳೆ. ಅಲ್ಲಿಯವರೆಗೆ ನರ್ಸಮ್ಮ ಓದಿದರು. ಅಲ್ಲಿಂದ ಮುಂದೆ ಹಾಳೆ ಇಲ್ಲ ಮಗಾ, ಹರಿದು ಹೋಗಿದೆ. ನಾನು ಮೂರು ದಿನ ಅದನ್ನೇ ಯೋಚಿಸುತ್ತಾ ಮಲಗಿದೆ. ಅಷ್ಟು ದೂರ ನಡೆದು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ, ಕೇಳು. ಅಕ್ಕ ನೀರು ತಂದು ಕೊಡುತ್ತಾಳೆ. ಅವಳಿಗೆ ಗುರುತು ಸಿಗುವುದಿಲ್ಲ. ತಂಗಿ ನೀರು ಕುಡಿದು ಚೊಂಬು ಕೊಡುವಾಗ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಿನಿಂದ ಅಕ್ಕನನ್ನು ಕರೆಯುತ್ತಾಳೆ.”

“ಆಮೇಲೆ?” ಎಂದಳು ಹುಡುಗಿ.

“ಆಮೇಲೆ ಇಬ್ಬರೂ ಒಳಗೆ ಹೋಗುತ್ತಾರೆ.”

ಹುಡುಗಿ ಅವರ ಹೆಸರು ಕೇಳಿದಳು. ಅವರು ಹೇಳಿದರು.

ಟೀಚರ್ ತರಗತಿಯೊಳಗೆ ಹೋಗಿ ಪುಸ್ತಕ ಬಿಡಿಸಿದರು. ತಂಗಿ ನೀರು ಕೇಳುತ್ತಾಳೆ. ಆ ಪುಟದ ನಂತರ ರಟ್ಟು. ಹರಿದ ಗುರುತು ಹೊಸದಲ್ಲ. ಅದರ ಮೇಲೆಯೇ ರಟ್ಟು ಕಟ್ಟಿಸಿದ್ದರು. ಕಟ್ಟಿಸಿ ಆರು ವರ್ಷವಾಗಿತ್ತು. ಕಟ್ಟಿಸಿದವರು ಅವರೇ.

ಅವರು ಬೀರುವಿನ ಕೆಳಗಿನ ಅರೆಯಿಂದ ಹಳೆಯ ವರದಿಗಳ ಕಟ್ಟುಗಳನ್ನು ತೆಗೆದರು. ಆ ಆರು ವರ್ಷಗಳಲ್ಲಿ ಐದು ಮಕ್ಕಳು ಈ ಪುಸ್ತಕದ ಬಗ್ಗೆ ಬರೆದಿದ್ದರು. ಅಕ್ಕ ಸತ್ತುಹೋದಳು ಎಂದು ಒಬ್ಬ. ಇಬ್ಬರೂ ಸುಖವಾಗಿ ಬಾಳಿದರು ಎಂದು ಒಬ್ಬಳು. ತಂಗಿ ಮದುವೆಯಾದಳು ಎಂದು ಇನ್ನೊಬ್ಬಳು. ಉಳಿದಿಬ್ಬರು, ಕೊನೆಯ ಅಧ್ಯಾಯ ಬಹಳ ಮನಮುಟ್ಟುವಂತಿದೆ, ಇದರಿಂದ ನಾವು ಒಳ್ಳೆಯ ನೀತಿ ಕಲಿಯುತ್ತೇವೆ ಎಂದು ಒಂದೇ ರೀತಿ ಬರೆದಿದ್ದರು. ಐದರ ಕೆಳಗೂ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದಿತ್ತು. ಐದರ ಕೆಳಗೂ ಅವರ ಸಹಿ ಇತ್ತು.

ಪುಸ್ತಕದ ಸಾರ ಎಲ್ಲಿದೆ ಎಂದು ತಾವು ಗದರಿದ್ದು ಅವರಿಗೆ ನೆನಪಾಯಿತು. ಆ ಪುಸ್ತಕವನ್ನು ಅವರು ಒಮ್ಮೆಯೂ ಓದಿರಲಿಲ್ಲ.

ಮರುದಿನದ ಪ್ರಾರ್ಥನೆಯಲ್ಲಿ ಟೀಚರ್ ಹುಡುಗಿಯನ್ನು ಮುಂದೆ ಕರೆದು, ಇಡೀ ಶಾಲೆ ಕೇಳುವ ಹಾಗೆ ಅವಳ ಕ್ಷಮೆ ಬೇಡಿದರು. ಸಣ್ಣ ಮಕ್ಕಳಿಗೆ ಏನೆಂದು ಅರ್ಥವಾಗಲಿಲ್ಲ. ದೊಡ್ಡವರು ತಲೆ ತಗ್ಗಿಸಿದರು. ಹುಡುಗಿ ಮಾತ್ರ, “ಇವತ್ತು ಪುಸ್ತಕ ತೆಗೆದುಕೊಳ್ಳಬಹುದಾ ಟೀಚರ್?” ಎಂದು ಕೇಳಿದಳು. ಅವತ್ತು ಶುಕ್ರವಾರವಲ್ಲ. ಟೀಚರ್ ಬೀರು ತೆರೆದುಕೊಟ್ಟರು.

ಮುಂದಿನ ರಜೆಯಲ್ಲೂ ಅವರು ಮಕ್ಕಳಿಗೆ ಪುಸ್ತಕ ಹಂಚಿದರು. ಆದರೆ ಅದಕ್ಕೆ ಮುಂಚೆ ಪ್ರತಿಯೊಂದನ್ನೂ ತಾವು ಓದಿ ಮುಗಿಸಿದ್ದರು. ವರದಿ ಕೇಳಲಿಲ್ಲ. ಶಾಲೆ ತೆರೆದ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಜಗಲಿಯಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ? ಮೊದಲ ದಿನ ಎಲ್ಲರೂ ಪೂರ್ತಿ ಓದಿದ್ದೇವೆ ಎಂದರು. ವಾರ ಕಳೆಯುವ ಹೊತ್ತಿಗೆ ನಿಜ ಹೇಳತೊಡಗಿದರು. ಒಬ್ಬ ಮೂರನೇ ಪುಟದಲ್ಲಿ ನಿಲ್ಲಿಸಿದ್ದ. ಅವನ ಜೊತೆ ಕುಳಿತು ಟೀಚರ್ ನಾಲ್ಕನೇ ಪುಟ ಓದಿದರು.

ದೋರ್ಕಮ್ಮ ಟೀಚರ್ ಇಲ್ಲಿಗೆ ನಿಲ್ಲಿಸಿದರು.

“ನನ್ನ ತರಗತಿಯ ಹುಡುಗಿ ಯಾರಿಗೂ ಓದಿ ಹೇಳಲಿಲ್ಲ, ಟೀಚರ್. ಸುಮ್ಮನೆ ಅರ್ಧಕ್ಕೆ ಬಿಟ್ಟಿದ್ದಾಳೆ. ಅವಳನ್ನು ಏನು ಮಾಡಲಿ?”

“ಅವಳು ಎಷ್ಟು ಓದಿದಳು ಎನ್ನುವುದು ನಿನಗೆ ಗೊತ್ತಾಯಿತಲ್ಲ ರೂಫಸ್, ಉಳಿದ ಮೂವತ್ತೊಂದು ಮಂದಿಯದು ನಿನಗೇನು ಗೊತ್ತು?” ಎಂದರು ದೋರ್ಕಮ್ಮ ಟೀಚರ್.